ಬಿಲ್ಲಿಲ್ಲದ ಬಾಬ್ತು

ಜುಲೈ ಇಪ್ಪತ್ತಮೂರು. ಆಷಾಢ.
ಮಂಡ್ಯದಲ್ಲಿ ಒಂದು ಮದುವೆಯೂ ಇಲ್ಲ,
ಕಂಬಗಳು ಗೋಡೌನಿನಲ್ಲಿ ಮಲಗಿವೆ.
ಇದೇ ಸಮಯ ನೋಡಿ ಆಡಿಟರ್ ಮೇಡಂ ಫೋನು:
'ತಮ್ಮಯ್ಯ, ಮೂವತ್ತೊಂದಕ್ಕೆ ಇನ್ನೆಂಟೇ ದಿನ.
ಬರ್ತೀರೋ, ದಂಡ ಕಟ್ತೀರೋ?'

ಹೊರಟೆ, ಬಿಸ್ಕತ್ತಿನ ಡಬ್ಬ ಕಂಕುಳಲ್ಲಿ.
ನೂರಡಿ ರಸ್ತೆ, ಬೇಕರಿಯ ಮೇಲೆ, ಹದಿನೆಂಟು ಮೆಟ್ಟಿಲು.
ಕಿಟಕಿಯಿಂದ ಸಕ್ಕರೆ ಕಾರ್ಖಾನೆ ಕಡೆಯ ಕಾಕಂಬಿ ಗಾಳಿ,
ಕೆಳಗಿನಿಂದ ಬೇಯುವ ಬೆಣ್ಣೆ ಬಿಸ್ಕತ್ತು.
ಎರಡೂ ಸೇರಿದರೆ ತೆರಿಗೆಯ ವಾಸನೆ ಎಂದು
ನನ್ನ ಮೂಗು ಗುರುತಿಟ್ಟುಕೊಂಡಿದೆ.

ಮೇಡಂ ಹೆಸರು ವಿಜಯಾಂಬಿಕಾ. ಕನ್ನಡಕ ಎರಡು:
ಒಂದು ನನಗೆ, ಒಂದು ನನ್ನ ಚೀಟಿಗಳಿಗೆ.
ಡಬ್ಬ ಬೋರಲು ಹಾಕಿದರು.
ಡೀಸೆಲ್ಲಿನ ರಸೀದಿಗಳು ಬೆಳ್ಳಗಾಗಿ ಕೂತಿವೆ,
ಅಕ್ಷರವನ್ನೆಲ್ಲ ಬೇಸಿಗೆ ಕುಡಿದುಬಿಟ್ಟಿದೆ.
'ಇದೇನ್ರೀ, ವಿಭೂತಿ ಪೊಟ್ಟಣವಾ?'
ಹೋದ ವರ್ಷವೇ ಹೇಳಿದ್ದರು, ಜೆರಾಕ್ಸ್ ಮಾಡಿಸಿಡಿ ಅಂತ.
ಹೋದ ವರ್ಷವೇ ಹೂಂ ಅಂದಿದ್ದೆ.

ಬ್ಯಾಂಕಿನ ಹಾಳೆ ಮೇಲೆ ಪೆನ್ಸಿಲ್ಲು ಇರುವೆಯಂತೆ ಇಳಿಯುತ್ತದೆ.
ನಿಲ್ಲುತ್ತದೆ.
'ನಲವತ್ತು ಸಾವಿರ, ನವೆಂಬರ್ ಹನ್ನೊಂದು?'
ಚೀಟಿ ಎತ್ತಿದ್ದು ಮೇಡಂ, ಕೊಪ್ಪರಿಗೆ ತಗೊಂಡೆ.
'ಕೊಪ್ಪರಿಗೆ ಬಿಲ್ಲು?'
ಕೊಪ್ಪರಿಗೆ ಇದೆ ಮೇಡಂ, ಬೇಕಾದ್ರೆ ತರ್ತೀನಿ.
ನಗಲಿಲ್ಲ. ಪೆನ್ಸಿಲ್ಲು ಮಾತ್ರ ಒಂದು ಚಣ ಅಲುಗಿತು.

ಕಲ್ಯಾಣ ಮಂಟಪದವರು ಹಿಡಿದುಕೊಂಡ ಟಿಡಿಎಸ್ಸು,
ಆರು ಸಾವಿರದ ಇನ್ನೂರು, ನನಗೇ ಗೊತ್ತಿರಲಿಲ್ಲ,
ಕಂಪ್ಯೂಟರಿನೊಳಗೆ ನನ್ನ ಪ್ಯಾನ್ ನಂಬರಿನ ಕೆಳಗೆ
ಬಸ್‌ಸ್ಟ್ಯಾಂಡಿನಲ್ಲಿ ಮರೆತು ಬಂದ ಛತ್ರಿಯ ಹಾಗೆ ಕಾಯುತ್ತಿತ್ತು.
'ಇದು ವಾಪಸ್ ಬರುತ್ತೆ' ಎಂದರು.
ಸರ್ಕಾರ ವಾಪಸ್ ಕೊಡುತ್ತೆ ಅನ್ನೋದನ್ನ
ಎರಡು ಸಲ ಹೇಳಿಸಿ ಕೇಳಿದೆ.

ಆಮೇಲೆ ಬಂತು ಆ ಪ್ರಶ್ನೆ.
'ಡೈರಿ ಪ್ರಕಾರ ಗಾಡಿ ಹೋಗಿರೋದು ನೂರಾ ಮೂವತ್ತು ಸಲ.
ಬಿಲ್ಲು ಎಂಬತ್ತೆಂಟು. ಮಿಕ್ಕಿದ್ದು?'

ಹೇಗೆ ಹೇಳುವುದು.
ಮದುವೆಗೆ ಬಿಲ್ಲು ಹರೀತೀನಿ, ಗೃಹಪ್ರವೇಶಕ್ಕೆ ಹರೀತೀನಿ,
ಎಲೆಕ್ಷನ್ನಿಗಂತೂ ಮುಂಗಡ ಎಣಿಸಿಕೊಂಡೇ ಹರೀತೀನಿ.
ಬೆಳಗಿನ ಜಾವ ನಾಲ್ಕಕ್ಕೆ ಬರುವ ಫೋನಿಗೆ
ರೇಟು ಹೇಳೋಕೆ ನಾಲಗೆ ಏಳೋದಿಲ್ಲ.
ನೀಲಿ ಪಟ್ಟೆ ಬಟ್ಟೆ, ನಾಲ್ಕು ಕಂಬ, ಕುರ್ಚಿ
ಸದ್ದಿಲ್ಲದೆ ಇಳಿಸಿ ಬರ್ತೀವಿ.
ಹನ್ನೊಂದನೇ ದಿನ ತಲೆ ಬೋಳಿಸಿಕೊಂಡ ಯಾರೋ
ಕೈಗೆ ಏನೋ ತುರುಕ್ತಾರೆ.
ಅವರೆದುರು ಎಣಿಸೋದಿಲ್ಲ, ಆಮೇಲೂ ಎಣಿಸೋದಿಲ್ಲ.
ಅದು ಡೀಸೆಲ್ಲಾಗುತ್ತೆ, ಹುಡುಗರಿಗೆ ತಟ್ಟೆ ಇಡ್ಲಿಯಾಗುತ್ತೆ.

ಮೇಡಂ ಕನ್ನಡಕ ಬದಲಿಸಿದರು.
'ಡಿಸೆಂಬರ್ ಒಂಬತ್ತು, ನಮ್ಮಪ್ಪನಿಗೆ ಹಾಕಿದ್ರಲ್ಲ.
ನನ್ನ ತಮ್ಮ ಎರಡು ಸಾವಿರ ಕೊಟ್ಟ. ಎಲ್ಲಿ ಅದು?'
ನಾನು ಡಬ್ಬದ ತಳ ನೋಡಿದೆ.
ಅವರು ಕಾಯಲಿಲ್ಲ. ನನ್ನ ಪುಸ್ತಕದಲ್ಲಿ
ತಮ್ಮ ಕೈಯಿಂದಲೇ ಬರೆದರು: ತಾರೀಕು, ಎರಡು ಸಾವಿರ,
ಇನಿಷಿಯಲ್ಲು ಸಮೇತ ಅಪ್ಪನ ಪೂರ್ತಿ ಹೆಸರು.
'ಸಾವಿನ ಮನೆಗೆ ಬಿಲ್ಲು ಬೇಡ ತಮ್ಮಯ್ಯ,
ನಿಮ್ಮ ಪುಸ್ತಕಕ್ಕೆ ಬೇಕು.'

ಮಿಕ್ಕ ನಲವತ್ತೊಂದನ್ನು ನೆನಪಿನಿಂದ ಕರೆದೆ.
ಗುತ್ತಲಿನ ಹಾಲಿನ ನಿಂಗಮ್ಮ,
ಹೊಸಹಳ್ಳಿಯ ಟೈಲರು, ಅವನ ಹಿಂದೆಯೇ ಅವನ ಅಣ್ಣ,
ಕಲ್ಲಹಳ್ಳಿಯಲ್ಲಿ ಬೈಕಿನಿಂದ ಬಿದ್ದ ಹುಡುಗ.
ಹುಡುಗನ ಮುಂದೆ ಸೊನ್ನೆ.
ಅಲ್ಲಿ ಯಾರೂ ಕೊಡಲಿಲ್ಲ, ನಾನೂ ಹೋಗಲಿಲ್ಲ.
ಮೇಡಂ ಆ ಸೊನ್ನೆಯನ್ನು ನಿಧಾನವಾಗಿ ಬರೆದರು.

ಫೀಸು ಹದಿನೈದು ನೂರು. ರಸೀದಿ ಕೊಟ್ಟರು,
'ಇದನ್ನಾದರೂ ಜೆರಾಕ್ಸ್ ಮಾಡಿಸಿ.'
ಒಂಬತ್ತನೇ ಮೆಟ್ಟಿಲಲ್ಲಿ ಫೋನು ಬಂತು:
'ಅಣ್ಣಾ, ಅರವತ್ತು ಕುರ್ಚಿ ಬೇಕಿತ್ತು...'
ದನಿಯಲ್ಲೇ ಗೊತ್ತಾಗುತ್ತೆ. ಏನು ವಿಶೇಷ ಎಂದು ಕೇಳಲಿಲ್ಲ.

ಅಲ್ಲೇ ಕೂತು ಪುಸ್ತಕ ತೆಗೆದೆ.
ತಾರೀಕು. ಕುರ್ಚಿ ಅರವತ್ತು. ಪಟ್ಟೆ ಬಟ್ಟೆ ಎರಡು.
ಹೆಸರು ಕೇಳಿ, ಹೆಸರು.
ಹಣದ ಮನೆ ಖಾಲಿ ಬಿಟ್ಟೆ.